ಕಲಿಯುವವರಿಗಾಗಿ ಕಟ್ಟಿದ ಗುಡಿ

ಗಣಿತ ಕಲಿಯಲು ಯಾರೂ ಸಮುದ್ರ ದಾಟಬೇಕಾಗಿಲ್ಲ. ಪುಸ್ತಕ ಮನೆಗೇ ಬರುತ್ತದೆ. ಸಂಗೀತವೂ ಈಗ ಕಿವಿಯ ಬಳಿಗೇ ಬಂದು ಕೂತಿದೆ. ಕಟ್ಟಡಕ್ಕೆ ಆ ಸೌಜನ್ಯವಿಲ್ಲ. ಅದರ ಚಿತ್ರ ಬಂದೀತು, ನಕ್ಷೆ ಬಂದೀತು, ಅಳತೆಗಳೂ ಬಂದಾವು. ಆದರೆ ಅದರ ನೆಲದ ತಂಪು ಅಂಗಾಲಿಗೆ ತಾಗಬೇಕಾದರೆ, ಅದರ ಸೂರಿನಡಿ ನಿಂತವನಿಂದ ಮಳೆ ಎಷ್ಟು ದೂರದಲ್ಲಿ ಬೀಳುತ್ತದೆಂದು ತಿಳಿಯಬೇಕಾದರೆ ನಾವೇ ಎದ್ದು ಹೋಗಬೇಕು. ಕಟ್ಟುವ ವಿದ್ಯೆಯವರಿಗೆ ದೇಶಾಟನೆ ಪಾಠದ ಒಂದು ಭಾಗವೇ ಆಗಿರುವುದು ಇದರಿಂದ.

ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಆರ್ಕಿಟೆಕ್ಚರ್ ಓದಲು ಜಪಾನಿಗೂ ಹೋಗುತ್ತಿದ್ದಾರೆ. ಹೋಗುವಾಗ ಅವರ ಮನಸ್ಸಿನ ತುಂಬ ಕೆಲವು ಹೆಸರುಗಳು: ಕೆಂಜೊ ಟಾಂಗೆ, ಟಡಾವೊ ಆಂಡೊ, ಟೊಯೊ ಇಟೊ, ಶಿಗೆರು ಬಾನ್. ವಾಸ್ತುಶಿಲ್ಪಿಗಳಿಗೆ ಸಲ್ಲುವ ಪ್ರಿಟ್ಜ್‌ಕರ್ ಪ್ರಶಸ್ತಿ 1987ರಲ್ಲಿ ಟಾಂಗೆ ಅವರಿಗೆ ಬಂದದ್ದು ಮೊದಲ್ಗೊಂಡು ಮತ್ತೆ ಮತ್ತೆ ಆ ದೇಶದ ಬಾಗಿಲು ತಟ್ಟಿದೆ. ಹಾಗಾದರೆ ಹೋದವರು ಅಲ್ಲಿ ಕಲಿಯುವುದು ಈ ಮಹನೀಯರ ಗೋಡೆಗಳನ್ನೇ? ಗೋಡೆಯನ್ನು ಕಲಿಯುವುದೆಂದರೇನು? ಒಂದು ನಾಡಿನ ನೆಲ, ಮಳೆ, ಮರ, ಜನರ ನಡೆನುಡಿ ಇವುಗಳಿಂದ ಎದ್ದ ಆಕಾರವನ್ನು ಇನ್ನೊಂದು ನಾಡಿಗೆ ಹೊತ್ತು ತರಲು ಬರುತ್ತದೆಯೇ? ಬರದಿದ್ದರೆ, ಅಷ್ಟು ದೂರ ಹೋಗಿ ತರುವುದಾದರೂ ಏನನ್ನು?

ಈ ಪ್ರಶ್ನೆಯನ್ನು ಜಪಾನೇ ಒಮ್ಮೆ ಎದುರಿಸಿತ್ತು. ಆಗ ಪಯಣದ ದಿಕ್ಕು ಬೇರೆಯಾಗಿತ್ತು, ಅಷ್ಟೆ. ಪಶ್ಚಿಮದ ವಿದ್ಯೆಯನ್ನೆಲ್ಲ ಬಾಚಿಕೊಳ್ಳಬೇಕೆಂಬ ಮೇಜಿ ಕಾಲದ ಆತುರದಲ್ಲಿ ಟೋಕಿಯೊದ ಎಂಜಿನಿಯರಿಂಗ್ ಕಾಲೇಜಿಗೆ 1877ರಲ್ಲಿ ಜೋಸಯ ಕಾಂಡರ್ ಎಂಬ ತರುಣ ಇಂಗ್ಲಿಷ್ ಮೇಷ್ಟರು ಬಂದರು. 1879ರಲ್ಲಿ ಅವರ ಕೈಕೆಳಗೆ ಪದವಿ ಪಡೆದ ಮೊದಲ ತಂಡದಲ್ಲಿ ಟಾಟ್ಸುನೊ ಕಿಂಗೊ ಇದ್ದ. ಮುಂದೆ ಟೋಕಿಯೊ ರೈಲು ನಿಲ್ದಾಣದ ಕೆಂಪು ಇಟ್ಟಿಗೆಯ ಕಟ್ಟಡವನ್ನು ರೂಪಿಸಿದವನು ಅವನೇ. ಸರ್ಕಾರ ಅವನನ್ನು ಲಂಡನ್ನಿಗೆ ಕಳಿಸಿತು. ಅಲ್ಲಿ ವಿಲಿಯಂ ಬರ್ಜಸ್ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕಲಿಯತೊಡಗಿದ. ಬರ್ಜಸ್ ಒಂದು ದಿನ ಸಹಜ ಕುತೂಹಲದಿಂದ ಕೇಳಿದರಂತೆ: ನಿಮ್ಮ ದೇಶದ ಕಟ್ಟಡಗಳ ಇತಿಹಾಸವೇನು, ಸ್ವಲ್ಪ ಹೇಳು. ಹುಡುಗನಿಗೆ ಹೇಳಲು ಏನೂ ಇರಲಿಲ್ಲ. ಗ್ರೀಕ್ ಕಂಬಗಳ ಬಗೆಗಳನ್ನು ಬಲ್ಲವನಿಗೆ ತನ್ನ ಊರಿನ ಗುಡಿಯ ಕಂಬ ಗೊತ್ತಿರಲಿಲ್ಲ.

ಇಂಥ ಕಥೆಗಳನ್ನು ಕೇಳಿದಾಗ ನಾವು ತಲೆದೂಗುತ್ತೇವೆ, ತನ್ನದನ್ನು ಮರೆತವನ ಪಾಡು ಎಂದು ಒಂದು ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತೇವೆ. ಟಾಟ್ಸುನೊ ಅಷ್ಟಕ್ಕೆ ನಿಲ್ಲಲಿಲ್ಲ. ನನಗೆ ಅವನು ಮುಖ್ಯನಾಗುವುದು ಮುಂದೆ ಮಾಡಿದ ಕೆಲಸದಿಂದ. ಊರಿಗೆ ಮರಳಿ, ಗುರುವಿನ ಸ್ಥಾನದಲ್ಲಿ ತಾನೇ ಪ್ರಾಧ್ಯಾಪಕನಾಗಿ, 1889ರಲ್ಲಿ ಅವನು ವಿಶ್ವವಿದ್ಯಾಲಯದ ತರಗತಿಗೆ ಪಾಠ ಹೇಳಲು ಒಬ್ಬ ಬಡಗಿಯನ್ನು ಕರೆತಂದ. ಕಿಗೊ ಕಿಯೊಯೊಶಿ ಎಂದು ಆತನ ಹೆಸರು. ತಲೆತಲಾಂತರದಿಂದ ಅರಮನೆಯ ಮರಗೆಲಸ ಮಾಡಿಕೊಂಡು ಬಂದ ಮನೆತನ. ಕೋಟು ತೊಟ್ಟ ಪ್ರಾಧ್ಯಾಪಕರ ನಡುವೆ ಉಳಿ ಹಿಡಿದ ಕೈಯ ಆಚಾರಿ ನಿಂತು ಜಂತೆ ತೊಲೆಗಳ ಲೆಕ್ಕ ಹೇಳುವುದನ್ನು ಊಹಿಸಿಕೊಳ್ಳಿ. ಲಂಡನ್ನಿನಿಂದ ಆ ಹುಡುಗ ತಂದ ನಿಜವಾದ ಸರಕು ಇದೇ ಇರಬಹುದಲ್ಲವೇ? ಕೆಂಪು ಇಟ್ಟಿಗೆಯನ್ನೂ ತಂದ, ನಿಜ. ಅದು ಎಲ್ಲರೂ ತರುವಂಥದು.

ನಮ್ಮ ಬಳಗದ ಹುಡುಗಿಯೊಬ್ಬಳು, ತೀರ್ಥಹಳ್ಳಿ ಕಡೆಯವಳು, ಬೆಂಗಳೂರಿನಲ್ಲಿ ಐದು ವರ್ಷದ ಪದವಿ ಮುಗಿಸಿ ಜಪಾನ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಕ್ಯೋಟೊಗೆ ಹೋದಳು. ಅವಳೊಡನೆ ಆಗಾಗ ಆಡಿದ ಮಾತುಗಳೇ ನನ್ನ ಈ ಯೋಚನೆಗೆ ಮೂಲ. ಮೊದಮೊದಲು ಅವಳ ದೂರು ಒಂದೇ: "ದೊಡ್ಡಪ್ಪ, ಇಲ್ಲಿ ಯಾರೂ ಏನೂ ಹೇಳಿಕೊಡೋದೇ ಇಲ್ಲ." ಅಲ್ಲಿ ವಿದ್ಯಾರ್ಥಿ ಸೇರುವುದು ಒಬ್ಬ ಪ್ರಾಧ್ಯಾಪಕರ ಕೆನ್‌ಕ್ಯೂಶಿತ್ಸುವಿಗೆ, ಅಂದರೆ ಅವರ ಸಂಶೋಧನಾ ಬಳಗಕ್ಕೆ. ಸೆನ್ಸೆಯ್, ಅಂದರೆ ಗುರುಗಳ, ಮಾತು ಕಡಿಮೆ. ರಾತ್ರಿಯಿಡೀ ಕತ್ತರಿಸಿ ಅಂಟಿಸಿದ ಮಾದರಿಯ ಮುಂದೆ ಬಗ್ಗಿ ಕೂತು, ಅದರ ಬಾಗಿಲ ಮಟ್ಟಕ್ಕೆ ಕಣ್ಣು ತಂದು ನೋಡಿ, ಒಂದು ಉಸಿರು ಎಳೆದುಕೊಂಡು ಹೊರಟುಹೋಗುತ್ತಾರೆ. ಉಳಿದದ್ದನ್ನು ಹಿರಿಯ ವಿದ್ಯಾರ್ಥಿಗಳ ಪಕ್ಕದಲ್ಲಿ ಕೂತು, ಅವರ ಮಾದರಿಗೆ ಬೋರ್ಡು ಕತ್ತರಿಸಿಕೊಟ್ಟು, ಕೋಣೆ ಗುಡಿಸಿ ಕಲಿಯಬೇಕು. ನಮ್ಮಲ್ಲಿ ಆರ್ಕಿಟೆಕ್ಚರ್ ಓದಿದವರಿಗೆಲ್ಲ 'ಜ್ಯೂರಿ' ಎಂಬ ಶಬ್ದ ಕೇಳಿದರೆ ಈಗಲೂ ಎದೆ ಡವಗುಟ್ಟುತ್ತದೆ. ಪರೀಕ್ಷಕರ ಮುಂದೆ ತನ್ನ ವಿನ್ಯಾಸವನ್ನು ಸಮರ್ಥಿಸಿಕೊಳ್ಳಬೇಕಾದ ಆ ಸಭೆಯಲ್ಲಿ ಮಾತು ಬಲ್ಲವನು ಅರ್ಧ ಗೆದ್ದ ಹಾಗೆ. ಕಟ್ಟಡದ ಬಗ್ಗೆ ಮಾತಾಡುವುದನ್ನು ನಾವು ಚೆನ್ನಾಗಿಯೇ ಕಲಿಸುತ್ತೇವೆ. ಜಪಾನಿನಲ್ಲಿ ವಾಸ್ತುಶಿಲ್ಪ ವಿಭಾಗ ಬಹುಪಾಲು ಎಂಜಿನಿಯರಿಂಗ್ ನಿಕಾಯದ ಒಳಗಿದೆ. ನಡುಗುವ ನೆಲ ಗಟ್ಟಿಗೊಳಿಸಿದ ಪದ್ಧತಿ ಅದು. ಭೂಕಂಪದ ಮುಂದೆ ವಾದ ನಡೆಯುವುದಿಲ್ಲ.

ಅವಳ ಪಾಠ ಆರಂಭವಾದದ್ದು ಪಾದದಿಂದ. ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ನಮಗೆ ಹೊಸದಲ್ಲ. ಆದರೆ ಅಲ್ಲಿನ ಹಳೆಯ ಮನೆಯಲ್ಲಿ ಚಪ್ಪಲಿ ಬಿಟ್ಟು ಒಂದು ಮೆಟ್ಟಿಲು ಏರಿ, ಹುಲ್ಲಿನ ಟಾಟಾಮಿ ಚಾಪೆಯ ಮೇಲೆ ಮಂಡಿಯೂರಿ ಕೂತ ಕೂಡಲೇ ಕೋಣೆಯೇ ಬೇರೆಯಾಗುತ್ತದೆಂದು ಅವಳು ಹೇಳಿದಳು. ನಿಂತವನಿಗೆ ಗಿಡ್ಡವೆನಿಸಿದ ಸೂರು ಕೂತವನಿಗೆ ಸರಿಯಾಗುತ್ತದೆ. ಸರಿಸಿದ ಕಾಗದದ ಬಾಗಿಲು ತೋಟವನ್ನು ಎಲ್ಲಿಗೆ ಕತ್ತರಿಸಿ ತೋರಿಸಬೇಕೋ ಅಲ್ಲಿಗೆ ಕತ್ತರಿಸಿ ತೋರಿಸುತ್ತದೆ. ಆ ಮನೆಯ ಅಳತೆಗಳೆಲ್ಲ ಕೂತ ದೇಹದ ಅಳತೆಗಳು. ಕುರ್ಚಿಯ ಮೇಲೆ ಕೂತು, ಪರದೆಯ ಮೇಲೆ ಗೆರೆ ಎಳೆದು ಇದನ್ನು ತಿಳಿಯಬಹುದಿತ್ತೇ?

ರ್‍ಯೊವಾನ್‌ಜಿಯ ಕಲ್ಲು ತೋಟವನ್ನು ಕುರಿತು ಕೇಳದವರು ಕಡಿಮೆ. ಕ್ಯೋಟೊದ ಆ ಗುಡಿಯಲ್ಲಿ ಬಿಳಿ ಜಲ್ಲಿಯ ಮೇಲೆ 15 ಬಂಡೆಗಳು. ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗುತ್ತದೆ. ಇದಕ್ಕೆ ಹೇಳುವ ತತ್ತ್ವಾರ್ಥಗಳನ್ನು ಬದಿಗಿಡೋಣ, ಅವು ಪ್ರವಾಸಿಗಳಿಗೆ ಸಾಕಷ್ಟು ಸಿಗುತ್ತವೆ. ವಾಸ್ತುಶಿಲ್ಪದ ವಿದ್ಯಾರ್ಥಿಗೆ ಅದು ಕೊಡುವ ಪೆಟ್ಟು ಬೇರೆಯದು. ನಕ್ಷೆಯಲ್ಲಿ ಹದಿನೈದೂ ಕಾಣುತ್ತವೆ. ನಕ್ಷೆ ಬರೆಯುವವನು ಆಕಾಶದಲ್ಲಿ ನಿಂತವನು, ಅವನಿಂದ ಏನೂ ಮರೆಯಾಗದು. ಬಾಳುವವನಾದರೋ ಜಗಲಿಯ ಒಂದು ಮೂಲೆಯಲ್ಲಿ ಕೂತವನು. ಐದು ವರ್ಷ ಆಕಾಶದಿಂದ ನೋಡುವುದನ್ನೇ ಅಭ್ಯಾಸ ಮಾಡಿದ ಕಣ್ಣು ನೆಲಕ್ಕೆ ಇಳಿಯುವುದು ಎಷ್ಟು ಕಷ್ಟ! ನಾವು ಕಟ್ಟಿಸುವ ಎಷ್ಟೋ ಮನೆಗಳು ಕಾಗದದ ಮೇಲೆ ಚೆನ್ನಾಗಿ ಕಂಡು, ಒಳಗೆ ಕೂತಾಗ ಎಲ್ಲಿ ಕೂರಬೇಕೆಂದೇ ತೋಚದಂತೆ ಆಗುವುದು ಇದೇ ಕಾರಣಕ್ಕಲ್ಲವೇ?

ಆಂಡೊ ಒಸಾಕದ ಸುಮಿಯೊಶಿಯಲ್ಲಿ 1976ರಲ್ಲಿ ಕಟ್ಟಿದ ಪುಟ್ಟ ಮನೆಯೂ ಅವಳನ್ನು ಕಾಡಿತು. ಇಕ್ಕಟ್ಟಾದ ನಿವೇಶನದಲ್ಲಿ ಕಾಂಕ್ರೀಟಿನ ಪೆಟ್ಟಿಗೆ. ಅದನ್ನು ಮೂರು ಪಾಲು ಮಾಡಿ ನಡುವಣ ಪಾಲನ್ನು ಆಕಾಶಕ್ಕೆ ಬಿಟ್ಟುಬಿಟ್ಟಿದ್ದಾರೆ. ಮಳೆ ಬಂದರೆ ಮಲಗುವ ಕೋಣೆಯಿಂದ ಬಚ್ಚಲಿಗೆ ಕೊಡೆ ಹಿಡಿದು ಹೋಗಬೇಕು. ಜಗತ್ತಿನ ವಿಮರ್ಶಕರು ಈ ಧೈರ್ಯಕ್ಕೆ ಬೆರಗಾದರು. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಧೈರ್ಯ ಕಾಣುವುದು ಕಷ್ಟ. ಆಷಾಢದಲ್ಲಿ ಅಂಗಳಕ್ಕೆ ಮಳೆ ಸುರಿಯುವಾಗ ಪಡಸಾಲೆಯ ಅಂಚಿನಲ್ಲೇ ಸುತ್ತಿಕೊಂಡು ಅಡುಗೆಮನೆಗೆ ಹೋಗಿದ್ದವರು ನಾವು. ಆದರೂ ತನ್ನ ಅಜ್ಜಿಯ ಮನೆಯ ತೊಟ್ಟಿಯನ್ನು ತಾನು ಮೊದಲ ಸಲ ಅಳೆದದ್ದು ಒಸಾಕದಿಂದ ಬಂದ ಮೇಲಿನ ರಜೆಯಲ್ಲಿ ಎಂದು ಅವಳು ನಕ್ಕಳು. ಆ ನಗುವಿಗೆ ಕಾರಣ ಅವಳೊಬ್ಬಳೇ ಅಲ್ಲ.

ಇನ್ನು ಇಸೆ ಎಂಬ ಶಿಂಟೊ ಕ್ಷೇತ್ರದ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಹೇಳಿದ್ದು ಅಲ್ಲಿಗೆ ಬರುವುದಕ್ಕೇ.

ಇಸೆಯ ಮಹಾಕ್ಷೇತ್ರಕ್ಕೆ ಹೋದ ವಾಸ್ತುಶಿಲ್ಪದ ವಿದ್ಯಾರ್ಥಿಗೆ ಮೊದಲು ಕಾದಿರುವುದು ನಿರಾಶೆ. ಇಷ್ಟು ಓದಿ, ಇಷ್ಟು ದೂರ ಬಂದರೆ, ಮುಖ್ಯ ಗುಡಿ ಕಾಣುವುದೇ ಇಲ್ಲ. ಸಾಲು ಬೇಲಿಗಳಾಚೆ ಹುಲ್ಲು ಹೊದಿಸಿದ ಮಾಡಿನ ತುದಿ, ಅದರ ಮೇಲೆ ಕವಲೊಡೆದ ಮರದ ಕೊಂಬುಗಳು, ಇಷ್ಟೇ. ಫೋಟೊ ತೆಗೆಯುವಂತಿಲ್ಲ. ಪಕ್ಕದಲ್ಲಿ ಅಷ್ಟೇ ವಿಸ್ತಾರದ ಇನ್ನೊಂದು ನಿವೇಶನ ಬಿಳಿ ಕಲ್ಲು ಹರಡಿಕೊಂಡು ಬರಿದಾಗಿ ಬಿದ್ದಿರುತ್ತದೆ. ಇಪ್ಪತ್ತು ವರ್ಷಕ್ಕೊಮ್ಮೆ ಆ ಬರಿದು ನಿವೇಶನದಲ್ಲಿ ಅದೇ ಅಳತೆಯ, ಅದೇ ಹಿನೊಕಿ ಮರದ, ಅದೇ ಬಗೆಯ ಗುಡಿ ಏಳುತ್ತದೆ, ದೇವರು ರಾತ್ರಿಯಲ್ಲಿ ಅಲ್ಲಿಗೆ ದಯಮಾಡಿಸುತ್ತಾರೆ, ಹಳೆಯದನ್ನು ಬಿಚ್ಚುತ್ತಾರೆ. 690ರಲ್ಲಿ ಮೊದಲಾದ ಈ ಕ್ರಮದ 62ನೆಯ ಆವರ್ತ 2013ರಲ್ಲಿ ನಡೆಯಿತು. ಮುಂದಿನದು 2033ಕ್ಕೆ.

ಹಾಗಾದರೆ ಈ ಗುಡಿಯ ವಯಸ್ಸೆಷ್ಟು? ಸಾವಿರದ ಮುನ್ನೂರು ವರ್ಷವೇ, ಇಪ್ಪತ್ತರ ಒಳಗೇ? ಪಶ್ಚಿಮದ ಕಣ್ಣಿಗೆ ಇದು ದೊಡ್ಡ ಒಗಟಾಗಿತ್ತು. ಕಲ್ಲು ಹಳೆಯದಾದರೆ ಕಟ್ಟಡ ಹಳೆಯದು ಎಂಬ ಲೆಕ್ಕ ಅಲ್ಲಿನದು. 1994ರಲ್ಲಿ ನಾರಾ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ತಜ್ಞರು, ಅಸಲಿತನವನ್ನು ಎಲ್ಲ ಸಂಸ್ಕೃತಿಗಳಿಗೂ ಒಂದೇ ಗಜಕಡ್ಡಿಯಿಂದ ಅಳೆಯಲಾಗದು ಎಂದು ಒಪ್ಪಿ ಬರೆದುಕೊಟ್ಟರು. ಅದು ದೊಡ್ಡವರ ದಾಖಲೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇಪ್ಪತ್ತು ಎಂಬ ಸಂಖ್ಯೆ.

ಹುಲ್ಲಿನ ಮಾಡು ಇಪ್ಪತ್ತು ವರ್ಷಕ್ಕೆ ಹಾಳಾಗುತ್ತದೆ ಎನ್ನುವವರಿದ್ದಾರೆ. ಶುದ್ಧಿಯ ಕಾರಣ ಹೇಳುವವರಿದ್ದಾರೆ. ಇವೆಲ್ಲ ನಿಜವೇ ಇರಬಹುದು. ಆದರೆ ಒಬ್ಬ ಬಡಗಿಯ ಬದುಕನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಇಪ್ಪತ್ತರ ಹರೆಯದಲ್ಲಿ ಅವನು ಮರ ಹೊರಲು, ಉಳಿ ಮಸೆಯಲು ಬರುತ್ತಾನೆ. ನಲವತ್ತರಲ್ಲಿ ಮತ್ತೆ ಬರುವಾಗ ಕೆಲಸ ಅವನ ಕೈಯಲ್ಲಿರುತ್ತದೆ. ಅರವತ್ತರಲ್ಲಿ ಅವನು ಕೂತು ನೋಡುವ, ತಿದ್ದುವ ಹಿರಿಯ. ಮೂರು ಗುಡಿಗಳಿಗೆ ಒಂದು ಆಯುಷ್ಯ. ಐವತ್ತು ವರ್ಷಕ್ಕೊಮ್ಮೆ ಕಟ್ಟುವುದೆಂದು ಇಟ್ಟಿದ್ದರೆ ಕಲಿತವನು ಕಲಿಸುವ ಮುನ್ನವೇ ಹೋಗಿಬಿಡುತ್ತಿದ್ದ. ಮರ ಇನ್ನೂ ಗಟ್ಟಿಯಾಗಿರುವಾಗಲೇ ಗುಡಿಯನ್ನು ಬಿಚ್ಚುತ್ತಾರಲ್ಲ, ಅದು ಯಾರ ಸಲುವಾಗಿ? ದೇವರಿಗೆ ಹೊಸ ಮನೆ ಬೇಕೆಂದೇ? ಅಥವಾ ಕಟ್ಟುವುದನ್ನು ಕಲಿಯುವ ಒಬ್ಬ ಹುಡುಗ ಯಾವ ಕಾಲಕ್ಕೂ ಅಲ್ಲಿ ಇರಲೇಬೇಕೆಂದೇ? ಬಿತ್ತನೆಯ ಭತ್ತವನ್ನು ಕಣಜದಲ್ಲಿ ಮುಚ್ಚಿಟ್ಟು ಉಳಿಸಿದ ರೈತನುಂಟೆ? ವರ್ಷ ವರ್ಷವೂ ಬಿತ್ತುವುದೇ ಅದನ್ನು ಉಳಿಸುವ ದಾರಿ.

ಗುಡಿಯೊಂದೇ ಅಲ್ಲ, ದೇವರಿಗೆ ಸಲ್ಲುವ ಬಟ್ಟೆ, ಕತ್ತಿ, ಮೆರುಗೆಣ್ಣೆಯ ಪೆಟ್ಟಿಗೆ, ಹೀಗೆ 714 ಬಗೆಯ 1,576 ವಸ್ತುಗಳನ್ನೂ ಹೊಸದಾಗಿ ಮಾಡುತ್ತಾರೆ. ಅಂದರೆ ಅಷ್ಟೂ ಕಸುಬುಗಳಿಗೆ ಕಲಿಯುವ ಕೈಗಳು ಬೇಕು. ಹಳೆಯ ಮರವನ್ನು ಎಸೆಯುವುದಿಲ್ಲ. ಮಾಡಿನ ನೆತ್ತಿಯನ್ನು ಹೊತ್ತಿದ್ದ ಕಂಬಗಳು ಉಜಿ ಸೇತುವೆಯ ಎರಡು ಬದಿಯ ತೊರಿಯಿ ಕಮಾನುಗಳಾಗಿ ಇನ್ನಿಪ್ಪತ್ತು ವರ್ಷ ನಿಲ್ಲುತ್ತವೆ, ಆಮೇಲೆ ಬೇರೆ ಊರಿನ ಹಾದಿಗೆ ಹೋಗುತ್ತವೆ. ಭೂಕಂಪದಲ್ಲಿ ಮುರಿದ ಗುಡಿಗಳಿಗೂ ಇಸೆಯ ಮರ ಹೋದದ್ದುಂಟು. ಹೊಸ ಮರ ಬೇಕಲ್ಲ? 1923ರಲ್ಲಿ ಇಸೆಯವರು ಎರಡು ಶತಮಾನ ಮುಂದಿನ ಲೆಕ್ಕ ಹಾಕಿ ತಮ್ಮ ಕಾಡಿನಲ್ಲಿ ಹಿನೊಕಿ ಬೆಳೆಸುವ ಯೋಜನೆ ಹಿಡಿದರು. ಆ ಯೋಜನೆಗೆ ಸಹಿ ಹಾಕಿದವರಲ್ಲಿ ಯಾರೂ ಈಗ ಇರಲಾರರು. ಆ ಮರಗಳು ಪೂರ್ತಿ ಬಲಿಯುವುದನ್ನು ಇಂದು ಅವಕ್ಕೆ ನೀರೆರೆಯುವವರೂ ನೋಡಲಾರರು.

ಇದು ಎಂದೂ ಕಡಿಯದ ಸರಪಳಿ ಎಂದು ತಿಳಿಯಬೇಡಿ. ಹದಿನೈದು ಹದಿನಾರನೆಯ ಶತಮಾನಗಳ ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ಈ ಕೆಲಸ ನಿಂತೇ ಹೋಗಿತ್ತು. ಆಗ ಊರೂರು ಸುತ್ತಿ ಹಣ ಕೂಡಿಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರು ಬೌದ್ಧ ಸನ್ಯಾಸಿನಿಯರು. ಶಿಂಟೊ ದೇವತೆಯ ಮನೆಗೆ ಬುದ್ಧನ ಹೆಣ್ಣುಮಕ್ಕಳ ಭಿಕ್ಷೆ! ಸಂಪ್ರದಾಯ ಎಂಬುದು ತಾನಾಗಿ ಹರಿದುಬರುವ ನದಿ ಎಂದು ಭಾವಿಸಿ ಸುಮ್ಮನಿರುವ ನಮಗೆ ಇದು ನೆನಪಿರಬೇಕು.

ಮರದ ಗುಡಿ ಬಿಚ್ಚದೆಯೂ ಸಾವಿರ ವರ್ಷ ನಿಲ್ಲಬಲ್ಲದು. ನಾರಾ ಬಳಿಯ ಹೊರ್‍ಯುಜಿ ಅದಕ್ಕೆ ಸಾಕ್ಷಿ. ಜಗತ್ತಿನಲ್ಲಿ ಉಳಿದಿರುವ ಮರದ ಕಟ್ಟಡಗಳಲ್ಲಿ ಅತಿ ಹಳೆಯವು ಅಲ್ಲಿವೆ. ಅದನ್ನು ಇಪ್ಪತ್ತನೆಯ ಶತಮಾನದಲ್ಲಿ ರಿಪೇರಿ ಮಾಡಿದವರಲ್ಲಿ ನಿಶಿಯೊಕ ಟ್ಸುನೆಕಜು ಎಂಬ ಗುಡಿಬಡಗಿಯ ಹೆಸರು ದೊಡ್ಡದು. ಮರಗೆಲಸದ ಮನೆತನದ ಈ ಹುಡುಗನನ್ನು ಅಜ್ಜ ಸೇರಿಸಿದ್ದು ಕೃಷಿ ಶಾಲೆಗೆ. ಮಣ್ಣು ತಿಳಿಯದವನಿಗೆ ಮರ ತಿಳಿಯುವುದು ಹೇಗೆ ಎಂಬುದು ಅಜ್ಜನ ತರ್ಕ. ಗುಡಿಗೆ ಬೇಕಾದ ಮರಕ್ಕೆ ಬಿಡಿ ದಿಮ್ಮಿ ಕೊಳ್ಳಬೇಡ, ಬೆಟ್ಟವನ್ನೇ ನೋಡಿ ಕೊಳ್ಳು. ಬೆಟ್ಟದ ದಕ್ಷಿಣಕ್ಕೆ ಬೆಳೆದ ಮರವನ್ನು ಗುಡಿಯ ದಕ್ಷಿಣಕ್ಕೇ ನಿಲ್ಲಿಸು ಎಂಬಂಥ ಬಾಯಿಪಾಠಗಳು ಆ ಮನೆಯಲ್ಲಿದ್ದವು. ಹಳೆಯ ಕಂಬಗಳ ಮೇಲಿನ ಕೀಸಿದ ಗುರುತು ನೋಡಿ, ಬಳಕೆ ತಪ್ಪಿ ಶತಮಾನಗಳಾಗಿದ್ದ ಉದ್ದ ಹಿಡಿಯ ಕೀಸುವ ಉಪಕರಣವನ್ನು ಅವರು ಮತ್ತೆ ಮಾಡಿಸಿ ಕೈಗೆ ತಂದರು.

ಅವರ ಬಳಿಗೆ ಒಗಾವ ಮಿಟ್ಸುವೊ ಎಂಬ ಹುಡುಗ ಕಲಿಯುತ್ತೇನೆಂದು ಬಂದ. ಶಾಲಾ ಪ್ರವಾಸದಲ್ಲಿ ಹೊರ್‍ಯುಜಿಯ ಗೋಪುರ ಕಂಡು ಮರುಳಾಗಿದ್ದವನು. ಅವನು ಬಂದಾಗ ಆ ಮಹಾ ಬಡಗಿ ಕೆಲಸವಿಲ್ಲದೆ ಪಾತ್ರೆಗೆ ಮುಚ್ಚಳ ಮಾಡುತ್ತ ಕೂತಿದ್ದರಂತೆ. ನಿನಗೆ ಕೊಡಲು ನನ್ನಲ್ಲಿ ಕೆಲಸವಿಲ್ಲ ಎಂದು ಹಿಂದಕ್ಕೆ ಕಳಿಸಿದರು. ಬಿಡದೆ ಮತ್ತೆ ಬಂದವನನ್ನು ಕೊನೆಗೆ ಸೇರಿಸಿಕೊಂಡು ಇಟ್ಟ ಷರತ್ತು: ಒಂದು ವರ್ಷ ಪತ್ರಿಕೆ ಇಲ್ಲ, ರೇಡಿಯೊ ಇಲ್ಲ, ಟಿವಿ ಇಲ್ಲ, ಉಳಿ ಮಸೆಯುವುದಷ್ಟೇ. ಹೀಗೆ ಕಲಿತ ಒಗಾವ ಮುಂದೆ ತನ್ನದೇ ಬಡಗಿಗಳ ಗುರುಕುಲ ಕಟ್ಟಿದರು.

1949ರ ಜನವರಿಯಲ್ಲಿ ಹೊರ್‍ಯುಜಿಯ ಮುಖ್ಯ ಗುಡಿಯಲ್ಲಿ, ರಿಪೇರಿ ನಡೆಯುತ್ತಿರುವಾಗಲೇ, ಬೆಂಕಿ ಬಿತ್ತು. ನಮ್ಮ ಅಜಂತಾದ ಚಿತ್ರಗಳಿಗೆ ಹೋಲಿಸುತ್ತಿದ್ದ ಗೋಡೆಯ ಚಿತ್ರಗಳು ಸುಟ್ಟುಹೋದವು. ಆ ನೋವಿನಿಂದ ಮರುವರ್ಷ, 1950ರಲ್ಲಿ, ಅಲ್ಲಿ ಹೊಸ ಕಾನೂನು ಬಂತು. ಕಟ್ಟಡ, ಚಿತ್ರ, ವಿಗ್ರಹಗಳ ಜೊತೆಗೆ ಕುಶಲ ವಿದ್ಯೆಗಳನ್ನೂ ಅದು ಕಾಪಾಡಬೇಕಾದ ಆಸ್ತಿಯಾಗಿ ಎಣಿಸಿತು. ವಿದ್ಯೆ ಬಲ್ಲ ಮನುಷ್ಯರನ್ನೇ ಜನ ಜೀವಂತ ರಾಷ್ಟ್ರೀಯ ನಿಧಿ ಎಂದು ಕರೆಯತೊಡಗಿದ್ದು ಅದರ ಫಲ. 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಜಪಾನಿನ ಮರದ ಕಟ್ಟಡಗಳನ್ನಲ್ಲ, ಅವನ್ನು ಕಾಯ್ದು ಮುಂದಕ್ಕೆ ಕೊಡುವ ಕೈಚಳಕಗಳನ್ನು. ಚಿತ್ರ ಸುಟ್ಟಾಗ ಚಿತ್ರಕಾರನ ನೆನಪಾಯಿತು ಎನ್ನಬಹುದೇನೋ.

ಇಷ್ಟು ಹೇಳಿದವನು ಅಲ್ಲಿನ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆಯಾದೀತು. ಅದೇ ದೇಶದಲ್ಲಿ ಸಾಮಾನ್ಯರ ಮನೆಗೆ ಮೂವತ್ತು ವರ್ಷದ ಆಸುಪಾಸಿಗೆ ಬೆಲೆಯೇ ಇರುವುದಿಲ್ಲ. ಕೊಂಡವರು ಕೆಡವಿ ಹೊಸದು ಕಟ್ಟುತ್ತಾರೆ. 2023ರ ಸರ್ಕಾರಿ ಗಣತಿಯಲ್ಲಿ ಖಾಲಿ ಬಿದ್ದ ಮನೆಗಳು ಸುಮಾರು 90 ಲಕ್ಷ. ಕ್ಯೋಟೊದ ಹಳೆಯ ಮರದ ಮನೆಗಳೂ ಒಂದೊಂದಾಗಿ ಬೀಳುತ್ತಿವೆ. ಟೋಕಿಯೊದ ನಕಗಿನ್ ಕ್ಯಾಪ್ಸೂಲ್ ಟವರ್ ಅನ್ನು ವಾಸ್ತುಶಿಲ್ಪದ ಪ್ರತಿ ಪಠ್ಯಪುಸ್ತಕದಲ್ಲಿ ನೋಡುತ್ತೇವೆ. ಕಿಶೊ ಕುರೊಕವ 1972ರಲ್ಲಿ ಎರಡು ಗೋಪುರಗಳಿಗೆ 140 ಪುಟ್ಟ ಕೋಣೆಗಳನ್ನು ತಗುಲಿಸಿ ನಿಲ್ಲಿಸಿದರು. ಇಪ್ಪತ್ತೈದು ವರ್ಷಕ್ಕೊಮ್ಮೆ ಹಳೆಯ ಕೋಣೆ ಕಳಚಿ ಹೊಸದು ಸಿಗಿಸಬೇಕೆಂಬುದು ಯೋಜನೆ. ಒಂದನ್ನೂ ಬದಲಿಸಲಿಲ್ಲ. 2022ರಲ್ಲಿ ಅದನ್ನು ಕಳಚಿ ಹಾಕಿದರು.

ಇಸೆ ಮತ್ತು ನಕಗಿನ್, ಎರಡೂ ಆಡಿದ ಮಾತು ಒಂದೇ: ನಾನು ಹೊಸದಾಗುತ್ತಾ ಇರುತ್ತೇನೆ. ಒಂದು ಮಾತು ನಡೆಯಿತು, ಇನ್ನೊಂದು ನಡೆಯಲಿಲ್ಲ. ಕಾಂಕ್ರೀಟಿಗಿಂತ ಮರ ಮೇಲೆಂದೇ? ನನಗೆ ಹಾಗನ್ನಿಸುವುದಿಲ್ಲ. ನಕಗಿನ್‌ಗೆ ಅದ್ಭುತವಾದ ನಕ್ಷೆಯಿತ್ತು. ಅದರ ಎರಡನೆಯ ಕಂತಿನ ಕೋಣೆಗಳನ್ನು ಮಾಡಲು ಕಾದು ಕೂತ ಶಿಷ್ಯರಿರಲಿಲ್ಲ, ಅದಕ್ಕೆಂದು ಬೆಳೆಸಿದ ಕಾಡಿರಲಿಲ್ಲ, ಬದಲಿಸಲೇಬೇಕೆಂದು ಹಟ ಹಿಡಿಯುವ ಊರು ಇರಲಿಲ್ಲ. ಒಬ್ಬ ಪ್ರತಿಭಾವಂತ ಒಂದು ಕಾಲದಲ್ಲಿ ಕಂಡ ಕನಸು ಅವನೊಂದಿಗೇ ಮುದಿಯಾಯಿತು.

ಹೀಗೆ ನೋಡಿದರೆ ಪರದೇಶದಿಂದ ಬಂದ ವಿದ್ಯಾರ್ಥಿಯ ಸ್ಥಾನವೂ ಬೇರೆಯಾಗಿ ಕಾಣುತ್ತದೆ. ಅವನು ನೋಡಿ ಹೋಗಲು ಬಂದ ಅತಿಥಿಯೇ? ಮಕ್ಕಳು ಕಡಿಮೆಯಾಗುತ್ತಿರುವ ನಾಡಿನಲ್ಲಿ ಖಾಲಿ ಉಳಿದ ಚಾಪೆಯ ಮೇಲೆ ಬಂದು ಕೂತವನೂ ಅವನೇ ಅಲ್ಲವೇ? ಕಟ್ಟುವ ವಿದ್ಯೆ ಹೀಗೆ ಚಾಪೆ ಬದಲಿಸುತ್ತ ಬದುಕಿರುವುದು ಹೊಸದೂ ಅಲ್ಲ. ಇಟೊ ಚೂಟ ಎಂಬ ವಿದ್ವಾಂಸ, ಪ್ರಾಧ್ಯಾಪಕರಾಗುವವರು ಯೂರೋಪಿಗೇ ಹೋಗಬೇಕೆಂಬ ರೂಢಿಯಿದ್ದ ಕಾಲದಲ್ಲಿ, 1902ರಿಂದ ಮೂರು ವರ್ಷ ಚೀನಾ, ಬರ್ಮಾ, ಭಾರತ, ತುರ್ಕಿಗಳನ್ನು ಸುತ್ತಿಕೊಂಡು ಹೋದರು. 1934ರಲ್ಲಿ ಅವರು ಟೋಕಿಯೊದಲ್ಲಿ ಕಟ್ಟಿದ ಬೌದ್ಧ ಗುಡಿ ಟ್ಸುಕಿಜಿ ಹೊಂಗನ್‌ಜಿಯ ಎದುರು ನಿಂತರೆ ನಮ್ಮ ಪ್ರಾಚೀನ ಬೌದ್ಧ ಚೈತ್ಯದ ಮುಖವೇ ಎದುರಾಗುತ್ತದೆ. ಎದುರು ದಿಕ್ಕಿನಿಂದ, 1930ರ ದಶಕದಲ್ಲಿ, ಜಪಾನಿನಲ್ಲಿ ನೆಲೆಸಿ ಕೆಲಸ ಮಾಡಿದ್ದ ಆಂಟೊನಿನ್ ರೇಮಂಡ್ ಪುದುಚೇರಿಯ ಅರವಿಂದಾಶ್ರಮಕ್ಕೆ 'ಗೋಲ್ಕೊಂಡ' ವಸತಿಗೃಹವನ್ನು ರೂಪಿಸಿದರು. ಅವರ ಕಚೇರಿಯಿಂದ ಬಂದ ಜಾರ್ಜ್ ನಕಶಿಮಾ ಅದನ್ನು ಕಟ್ಟಿಸುತ್ತಾ ಆಶ್ರಮವಾಸಿಯೇ ಆದರು. ಮುಂದೆ ಅಮೆರಿಕದಲ್ಲಿ ಮರಗೆಲಸಕ್ಕೆ ದೊಡ್ಡ ಹೆಸರಾದವರು ಇವರೇ. ಗುಜರಾತಿನ ಭೂಕಂಪದ ನಂತರ 2001ರಲ್ಲಿ ಭುಜ್‌ಗೆ ಬಂದ ಶಿಗೆರು ಬಾನ್ ಕಾಗದದ ಕೊಳವೆಗಳ ಮನೆ ಕಟ್ಟಿದ್ದೂ ಇದೇ ಹಾದಿಯಲ್ಲಿ.

ಇನ್ನು ನಮ್ಮ ಅಂಗಳಕ್ಕೆ ಬರೋಣ. ನಮಗೂ ಹೊಸದಾಗಿಸುವ ಪದ್ಧತಿ ಗೊತ್ತು. ಕರಾವಳಿಯ ದೇವಸ್ಥಾನಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅಷ್ಟಬಂಧ ಬ್ರಹ್ಮಕಲಶ ನಡೆಯುತ್ತದೆ, ಊರಿಗೆ ಊರೇ ದುಡಿಯುತ್ತದೆ. ಆ ನೆಪದಲ್ಲಿ ಎಷ್ಟು ಹುಡುಗರ ಕೈಗೆ ಉಳಿ ಬರುತ್ತದೆ, ಎಷ್ಟು ಕಡೆ ಮರದ ಜಾಗಕ್ಕೆ ಕಾಂಕ್ರೀಟು ಬರುತ್ತದೆ ಎಂಬುದನ್ನು ನಾವು ಎಣಿಸುವುದಿಲ್ಲ. ಮಲೆನಾಡಿನ ತೊಟ್ಟಿಮನೆಗಳ ಕಂಬ, ಬಾಗಿಲವಾಡಗಳು ಲಾರಿಯೇರಿ ಪಟ್ಟಣದ ಹೋಟೆಲುಗಳ ಶೋಭೆಯಾಗುತ್ತಿವೆ. ಬ್ಯಾಂಕಿನ ನೌಕರರಾಗಿದ್ದ ವಿಜಯನಾಥ ಶೆಣೈಯವರು ಕೆಡವಲು ಹೊರಟಿದ್ದ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿಸಿ ತಂದು ಮಣಿಪಾಲದ ಹಸ್ತಶಿಲ್ಪದಲ್ಲಿ ಮತ್ತೆ ನಿಲ್ಲಿಸಿದರು. ಒಬ್ಬ ಮನುಷ್ಯನ ಛಲ ಎಷ್ಟು ಮಾಡಬಹುದೋ ಅದಕ್ಕಿಂತ ಹೆಚ್ಚೇ ಅದು. ಮನೆಗಳು ಉಳಿದವು. ಅಂಥ ಇನ್ನೊಂದು ಮನೆಯನ್ನು ಮೊಳೆಯಿಲ್ಲದೆ, ಕಚ್ಚಿಗೆ ಕಚ್ಚು ಕೂಡಿಸಿ ಎಬ್ಬಿಸಬಲ್ಲ ಆಚಾರಿಯ ಪಕ್ಕದಲ್ಲಿ ಇಂದು ಯಾರು ಕೂತಿದ್ದಾರೆ? ಆ ಆಚಾರಿಯ ಮಗ ಪ್ಲೈವುಡ್ಡಿನ ಅಡುಗೆಮನೆ ಜೋಡಿಸುತ್ತಿದ್ದಾನೆ, ತಪ್ಪೇನಿಲ್ಲ, ಅದು ಅವನ ಅನ್ನ. ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳ ತರಗತಿಗೆ ಆಚಾರರು ಪಾಠ ಹೇಳಲು ಬಂದದ್ದುಂಟೇ? ಬೆಂಚು ಕುರ್ಚಿ ರಿಪೇರಿಗೆ ಬಂದಿರುತ್ತಾರೆ.

ನಮ್ಮ ಹುಡುಗಿ ಕಳೆದ ರಜೆಯಲ್ಲಿ ಬಂದಾಗ ಜಪಾನಿನ ಕಾಗದದ ಬಾಗಿಲನ್ನಾಗಲಿ, ಕಾಂಕ್ರೀಟಿನ ಗೋಡೆಯನ್ನಾಗಲಿ ಹೊಗಳುತ್ತ ಕೂರಲಿಲ್ಲ. ಅಲ್ಲೊಬ್ಬ ಬಡಗಿಯ ಕೆಲಸದ ಮನೆಯಲ್ಲಿ ಉಳಿ ಮಸೆಯುವುದನ್ನು ಕಲಿಯತೊಡಗಿದ್ದಳು. ಅದರ ಗುಂಗಿನಲ್ಲೇ ಇದ್ದಳು. ಅಜ್ಜಿಮನೆಯ ತೊಟ್ಟಿಯ ಕಂಬಗಳನ್ನು ರಿಪೇರಿ ಮಾಡುತ್ತಿದ್ದ ಮುದುಕ ಆಚಾರರನ್ನು ಹುಡುಕಿಕೊಂಡು ಹೋದಳು, ನಾನೂ ಜೊತೆಗೆ ಹೋದೆ. ಓದು ಮುಗಿಸಿ ಬಂದ ಮೇಲೆ ತನ್ನನ್ನೂ, ತನ್ನ ಜೊತೆ ಇನ್ನಿಬ್ಬರನ್ನೂ ಕೂರಿಸಿಕೊಂಡು ಕಲಿಸುತ್ತೀರಾ ಎಂದು ಕೇಳಿದಳು. ಅವರು ಅವಳ ಅಂಗೈ ನೋಡಿದರು. ನಗಲಿಲ್ಲ. ಕಲಿಸಬಹುದು ಎಂದರು.

ಇಸೆಯ 2013ರ ಆವರ್ತಕ್ಕೆ ಸುಮಾರು 5,500 ಕೋಟಿ ಯೆನ್ ಬೇಕಾಯಿತೆಂದು ಲೆಕ್ಕ. ಯುದ್ಧಾನಂತರದ ಸಂವಿಧಾನದಂತೆ ಸರ್ಕಾರ ಇಂಥದಕ್ಕೆ ಹಣ ಕೊಡುವಂತಿಲ್ಲ. ಕ್ಷೇತ್ರದ ಹಣವೂ ಜನರ ದೇಣಿಗೆಯೂ ಸೇರಿ ಅದು ನಡೆಯಿತು. ನಮ್ಮ ಆಚಾರರಿಗೆ ಈ ಲೆಕ್ಕ ಗೊತ್ತಿರಲಾರದು. ಬಾಗಿಲಿಗೆ ಬಂದು ನಮ್ಮನ್ನು ಬೀಳ್ಕೊಡುವಾಗ ಅವರು ಕೇಳಿದ್ದು ಮಾತ್ರ ಅದನ್ನೇ: "ಕಲಿಯೋಕೆ ಎರಡು ಮೂರು ವರ್ಷ ಬೇಕಮ್ಮ. ಅಷ್ಟು ದಿನ ಆ ಹುಡುಗರಿಗೆ ಸಂಬಳ ಯಾರು ಕೊಡ್ತಾರೆ?"